ಗುಂಡಪ್ಪನವರ ಇಂಗ್ಲೀಷು

ಮಹನೀಯರ ಚರಿತ್ರೆಯನ್ನು ಬರೆಯುವವರು ಅವರ ಹಿರಿಮೆಯಿಂದ ಆರಂಭಿಸುವುದು ವಾಡಿಕೆ. ನಾನು ನನ್ನದೇ ಒಂದು ತಪ್ಪಿನಿಂದ ಆರಂಭಿಸಬೇಕಾಗಿದೆ; ವಾಚಕರು ಮನ್ನಿಸಬೇಕು. ಆ ತಪ್ಪು ನಡೆಯದೆ ಹೋಗಿದ್ದರೆ ನಾನು ಶ್ರೀ ಡಿ. ವಿ. ಗುಂಡಪ್ಪನವರ ಜೀವನವನ್ನು ಹುಡುಕಿಕೊಂಡು ಓದುತ್ತಿರಲಿಲ್ಲ. ಮಂಕುತಿಮ್ಮನ ಕಗ್ಗವನ್ನು ಬರೆದವರು ಎಂಬಷ್ಟು ಮಾತ್ರ ತಿಳಿದು ತೃಪ್ತನಾಗಿರುತ್ತಿದ್ದೆ.

ನಮ್ಮ ಮನೆ ಇರುವುದು ಯಡಿಯೂರಿನಲ್ಲಿ. ತಂದೆಯವರದು ಒಂದು ಸಣ್ಣ ಹೊಲಿಗೆ ಅಂಗಡಿ. ಸಂಜೆ ಕಾಲೇಜಿನಿಂದ ಬಂದ ಮೇಲೆ ಅಂಗಡಿಯಲ್ಲಿ ಕುಳಿತು ಗಿರಾಕಿಗಳು ಹೇಳಿದ್ದನ್ನು ಚೀಟಿಯಲ್ಲಿ ಬರೆದು ಬಟ್ಟೆಗೆ ಚುಚ್ಚಿಡುವುದು ನನ್ನ ಕೆಲಸ. ಕಳೆದ ವರ್ಷ ಒಂದು ದಿನ ಕನ್ನಡ ಬಾರದ ಗಿರಾಕಿಯೊಬ್ಬರು ಬೆಲೆಯುಳ್ಳ ಪ್ಯಾಂಟೊಂದನ್ನು ತಂದರು. ಸೊಂಟವನ್ನು ಒಂದು ಇಂಚು ಲೆಟ್ ಔಟ್ ಮಾಡಬೇಕೆಂದು ಇಂಗ್ಲೀಷಿನಲ್ಲಿ ಹೇಳಿದರು. ಔಟ್ ಎಂದರೆ ಹೊರಗೆ. ಹೊರಗೆ ಎಂದರೆ ತೆಗೆದುಹಾಕುವುದು. ಹೀಗೆ ಲೆಕ್ಕ ಹಾಕಿಕೊಂಡು ನಾನು ತಲೆಯಾಡಿಸಿದೆ. ಸೊಂಟ ಒಂದು ಇಂಚು ಕಡಿಮೆ ಎಂದು ಚೀಟಿ ಬರೆದಿಟ್ಟೆ. ತಂದೆಯವರು ಚೀಟಿಯಲ್ಲಿದ್ದಂತೆ ಹಿಡಿದು ಹೊಲಿದು, ಒಳಗೆ ಮಿಕ್ಕ ಬಟ್ಟೆಯನ್ನು ಕತ್ತರಿಸಿಬಿಟ್ಟರು. ಆ ಮಾತಿಗೆ ಸಡಿಲ ಮಾಡುವುದೆಂದು ಅರ್ಥವಿರುವುದು ನಮಗೆ ತಿಳಿದದ್ದು ಗಿರಾಕಿ ಮತ್ತೆ ಬಂದಾಗ. ಕತ್ತರಿಸಿದ ಬಟ್ಟೆ ಮತ್ತೆ ಬರುವುದಿಲ್ಲ. ತಂದೆಯವರು ಪ್ಯಾಂಟಿನ ಬೆಲೆಯನ್ನು ಕೈಯಿಂದ ಕೊಟ್ಟು ಕಳುಹಿಸಿದರು. ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಆ ಸಲದ ಇಂಗ್ಲೀಷ್ ಪರೀಕ್ಷೆಯಲ್ಲಿ ನನಗೆ ಒಳ್ಳೆಯ ಅಂಕಗಳು ಬಂದಿದ್ದುವೆಂಬುದನ್ನು ಅವರು ಎಲ್ಲರಿಗೂ ಹೇಳಿಕೊಂಡಿದ್ದರು. ಅದು ನೆನಪಾಗಿ ನನಗೆ ಬೈಗುಳಕ್ಕಿಂತ ಹೆಚ್ಚು ನೋವಾಯಿತು.

ಅದೇ ವಾರ ಮನಸ್ಸು ಸರಿಯಿಲ್ಲದೆ ಬಸವನಗುಡಿಯ ಕಡೆಗೆ ನಡೆದುಹೋದೆ. ಯಡಿಯೂರಿನಿಂದ ಅದು ಅರ್ಧ ಗಂಟೆಯ ದಾರಿ. ಅಲ್ಲಿ ಕಹಳೆ ಬಂಡೆಯ ಉದ್ಯಾನದಲ್ಲಿ ಗುಂಡಪ್ಪನವರ ಪ್ರತಿಮೆಯಿದೆ. ಇವರು ಮೆಟ್ರಿಕ್ಯುಲೇಷನ್ ಪರೀಕ್ಷೆಯಲ್ಲಿ ತೇರ್ಗಡೆಯಾಗಲಿಲ್ಲ, ಆದರೂ ಇಂಗ್ಲೀಷ್ ಪತ್ರಿಕೆಯೊಂದನ್ನು ನಡೆಸಿದರು ಎಂದು ನಮ್ಮ ಅಧ್ಯಾಪಕರೊಬ್ಬರು ತರಗತಿಯಲ್ಲಿ ಒಮ್ಮೆ ಹೇಳಿದ್ದುದು ಅಲ್ಲಿ ನಿಂತಿದ್ದಾಗ ನೆನಪಿಗೆ ಬಂತು. ಪರೀಕ್ಷೆಯಲ್ಲಿ ಗೆದ್ದು ಅಂಗಡಿಯಲ್ಲಿ ಸೋತವನು ನಾನು. ಪರೀಕ್ಷೆಯಲ್ಲಿ ಸೋತು ಲೋಕದಲ್ಲಿ ಗೆದ್ದವರು ಅವರು. ಇದು ಹೇಗಾಯಿತು ಎಂದು ತಿಳಿಯುವ ಆಸೆಯಿಂದ ಅವರ ಚರಿತ್ರೆಯನ್ನು ಓದತೊಡಗಿದೆ. ಓದಿ ತಿಳಿದುದನ್ನು ನನ್ನ ಮಾತಿನಲ್ಲಿ ಇಲ್ಲಿ ಹೇಳುತ್ತೇನೆ.

ದೇವನಹಳ್ಳಿ ವೆಂಕಟರಮಣಯ್ಯ ಗುಂಡಪ್ಪನವರು 1887ನೆಯ ಇಸವಿ ಮಾರ್ಚ್ 17ರಂದು ಕೋಲಾರ ಜಿಲ್ಲೆಯ ಮುಳಬಾಗಿಲಿನಲ್ಲಿ ಹುಟ್ಟಿದರು. ಊರಿನ ಶಾಲೆಯಲ್ಲಿ ಓದು ಮೊದಲಾಯಿತು. ಮುಂದಿನ ವ್ಯಾಸಂಗಕ್ಕಾಗಿ ಮೈಸೂರು, ಕೋಲಾರಗಳಿಗೆ ಹೋದರು. ಕೊನೆಗೆ ಮೆಟ್ರಿಕ್ಯುಲೇಷನ್ ಪರೀಕ್ಷೆಗೆ ಕುಳಿತರು, ತೇರ್ಗಡೆಯಾಗಲಿಲ್ಲ. ಅವರ ಶಾಲೆಯ ಚರಿತ್ರೆ ಅಲ್ಲಿಗೆ ಮುಗಿಯಿತು.

ಅಂದಿನ ಕಾಲದಲ್ಲಿ ಈ ಸೋಲಿನ ಅರ್ಥವೇನೆಂಬುದನ್ನು ಇಂದಿನ ನಾವು ಸ್ವಲ್ಪ ಊಹಿಸಿಕೊಳ್ಳಬೇಕು. ಮೈಸೂರು ವಿಶ್ವವಿದ್ಯಾನಿಲಯ ಹುಟ್ಟಿದ್ದು 1916ರಲ್ಲಿ. ಅದಕ್ಕೆ ಮುಂಚೆ ನಮ್ಮ ಕಾಲೇಜುಗಳೆಲ್ಲ ಮದರಾಸು ವಿಶ್ವವಿದ್ಯಾನಿಲಯಕ್ಕೆ ಸೇರಿದ್ದುವು. ಮೆಟ್ರಿಕ್ಯುಲೇಷನ್ ಎಂಬುದು ಕಾಲೇಜಿನ ಹೆಬ್ಬಾಗಿಲು. ಕಚೇರಿಯ ಗುಮಾಸ್ತೆಗಿರಿಗೂ ಬಹುಮಟ್ಟಿಗೆ ಅದೇ ಬಾಗಿಲು. ಅಲ್ಲಿ ಸೋತ ಹುಡುಗನಿಗೆ ಓದೂ ಇಲ್ಲ, ಸರ್ಕಾರದ ಸಂಬಳವೂ ಇಲ್ಲ. ಇಂಗ್ಲೀಷು ಅನ್ನದ ಭಾಷೆಯಾಗಿತ್ತು. ಅದು ನಿನಗೆ ಬಾರದು ಎಂದು ಪರೀಕ್ಷೆ ಹೇಳಿದರೆ ಊರಿನವರೆಲ್ಲ ನಂಬುತ್ತಿದ್ದರು. ಎಷ್ಟೋ ಸಲ ಆ ಹುಡುಗನೂ ನಂಬಿಬಿಡುತ್ತಿದ್ದನು.

ಗುಂಡಪ್ಪನವರು ಹೊಟ್ಟೆಯ ಪಾಡಿಗಾಗಿ ಕೋಲಾರದ ಚಿನ್ನದ ಗಣಿಯ ಊರಿಗೆ ಹೋದರು. ಅಲ್ಲಿ ಸೋಡಾ ಕಾರ್ಖಾನೆಯೊಂದರಲ್ಲಿ ಕೆಲಸ ಮಾಡಿದರು. ಅಂದಿನ ಗಣಿಯ ಊರೆಂದರೆ ಭಾಷೆಗಳ ಸಂತೆ. ಗಣಿಯನ್ನು ನಡೆಸುತ್ತಿದ್ದವರು ಇಂಗ್ಲೀಷರು. ಕೂಲಿಯವರ ಮಾತು ತಮಿಳು, ತೆಲುಗು. ಸುತ್ತಣ ಹಳ್ಳಿಗಳದು ಕನ್ನಡ, ತೆಲುಗು. ಆಮೇಲೆ ಬೆಂಗಳೂರಿಗೆ ಬಂದರು. ಇಲ್ಲಿ ಕುದುರೆ ಗಾಡಿಗಳಿಗೆ ಬಣ್ಣ ಹಚ್ಚುವ ಒಂದು ಕಾರ್ಖಾನೆಯಲ್ಲಿಯೂ ಅವರು ಕೆಲಕಾಲ ದುಡಿದದ್ದುಂಟು. ಅಂದಿನ ಬೆಂಗಳೂರು ಎರಡು ಊರು. ಒಂದು ಕಡೆ ಕನ್ನಡ, ತೆಲುಗು ಮಾತಿನ ಪೇಟೆ. ಇನ್ನೊಂದು ಕಡೆ ಇಂಗ್ಲೀಷರ ದಂಡು. 1898ರ ಪ್ಲೇಗಿನ ಹಾವಳಿಯ ತರುವಾಯ ಹುಟ್ಟಿದ ಬಸವನಗುಡಿ ಆಗಿನ್ನೂ ಹೊಸ ಬಡಾವಣೆ; ನಮ್ಮ ಯಡಿಯೂರು ಅದರಾಚೆಯ ಒಂದು ಹಳ್ಳಿ. ಈ ಎರಡು ಊರುಗಳ ನಡುವೆ ಕೈಯಲ್ಲಿ ಯಾವ ಪ್ರಮಾಣಪತ್ರವೂ ಇಲ್ಲದ ಇಪ್ಪತ್ತರ ಯುವಕ ಕೆಲಸ ಹುಡುಕುತ್ತಿದ್ದನು.

ಕೆಲಸ ಸಿಕ್ಕಿದ್ದು ಪತ್ರಿಕೆಯಲ್ಲಿ. ಸೂರ್ಯೋದಯ ಪ್ರಕಾಶಿಕೆ ಎಂಬ ಕನ್ನಡ ಪತ್ರಿಕೆಯನ್ನು ಅವರು ಸೇರಿದರು. ನನ್ನ ದೃಷ್ಟಿಯಲ್ಲಿ ಗುಂಡಪ್ಪನವರ ನಿಜವಾದ ಇಂಗ್ಲೀಷ್ ಶಾಲೆ ಆರಂಭವಾದದ್ದು ಇಲ್ಲಿ. ಕನ್ನಡ ಪತ್ರಿಕೆ ಇಂಗ್ಲೀಷ್ ಶಾಲೆ ಹೇಗಾದೀತೆಂದು ಕೆಲವರು ಕೇಳಬಹುದು. ಅಂದಿನ ಕನ್ನಡ ಪತ್ರಿಕೆಗಳಿಗೆ ಹೊರಲೋಕದ ಸುದ್ದಿ ಬರುತ್ತಿದ್ದುದು ಬಹುಪಾಲು ಇಂಗ್ಲೀಷಿನ ಮೂಲಕ. ಮದರಾಸಿನ ಪತ್ರಿಕೆಗಳು, ತಂತಿಯ ವರ್ತಮಾನಗಳು, ಸರ್ಕಾರದ ಪ್ರಕಟಣೆಗಳು, ಎಲ್ಲವೂ ಇಂಗ್ಲೀಷು. ಅದನ್ನು ಓದಿ, ಅರ್ಥ ಮಾಡಿಕೊಂಡು, ಪೇಟೆಯ ವರ್ತಕನಿಗೂ ಹಳ್ಳಿಯ ಶ್ಯಾನುಭೋಗನಿಗೂ ತಿಳಿಯುವ ಕನ್ನಡದಲ್ಲಿ ಬರೆದು, ಅಚ್ಚಿನ ಮನೆಗೆ ಕಾಲಕ್ಕೆ ಸರಿಯಾಗಿ ಕೊಡಬೇಕು. ಇದು ವರ್ಷಕ್ಕೊಮ್ಮೆ ಬರುವ ಪರೀಕ್ಷೆಯಲ್ಲ. ಸಂಚಿಕೆ ಸಂಚಿಕೆಗೂ ಬರುವ ಪರೀಕ್ಷೆ. ಇಲ್ಲಿ ಅಂಕ ಕೊಡುವವರು ಓದುಗರು. ಒಂದು ಮಾತಿಗೆ ಅರ್ಥ ತಪ್ಪಾಗಿ ಹಿಡಿದರೆ ಊರಿಗೆಲ್ಲ ತಪ್ಪು ಸುದ್ದಿ ಹೋಗುತ್ತದೆ. ತಿಳಿಯದ ಮಾತನ್ನು ತಿಳಿದಂತೆ ನಟಿಸಿ ತಲೆಯಾಡಿಸುವುದಕ್ಕೆ ಈ ಕೆಲಸದಲ್ಲಿ ಎಡೆಯೇ ಇಲ್ಲ.

1908ರಲ್ಲಿ ಇನ್ನೊಂದು ಪಾಠ ಬಂತು. ಮೈಸೂರು ಸಂಸ್ಥಾನದಲ್ಲಿ ಆಗ ದಿವಾನರಾಗಿದ್ದವರು ಶ್ರೀ ವಿ. ಪಿ. ಮಾಧವರಾಯರು. ಅವರ ಕಾಲದಲ್ಲಿ ವೃತ್ತಪತ್ರಿಕೆಗಳನ್ನು ಬಿಗಿಹಿಡಿಯುವ ಕಾನೂನು ಜಾರಿಗೆ ಬಂತು. ಪತ್ರಿಕೆಯ ಉಳಿವು ಸರ್ಕಾರದ ಅನುಮತಿಯನ್ನು ನೆಚ್ಚುವಂತಾಯಿತು. ಮೈಸೂರಿನ ವೃದ್ಧಪಿತಾಮಹರೆನಿಸಿದ ಶ್ರೀ ಎಂ. ವೆಂಕಟಕೃಷ್ಣಯ್ಯನವರು ಇದನ್ನು ಪ್ರತಿಭಟಿಸಿ ತಮ್ಮ ಪತ್ರಿಕೆಗಳನ್ನು ನಿಲ್ಲಿಸಿದರು. ಗುಂಡಪ್ಪನವರಿಗೆ ಆಗ ಇಪ್ಪತ್ತೊಂದು ವರ್ಷ. ಬರೆಯುವವನ ಒಂದು ಮಾತು ಹದ ತಪ್ಪಿದರೆ ಅಚ್ಚುಕೂಟದ ಬಾಗಿಲೇ ಮುಚ್ಚಬಹುದೆಂಬುದನ್ನು ಆ ತಲೆಮಾರಿನ ಪತ್ರಕರ್ತರು ಕಣ್ಣಾರೆ ಕಂಡರು. ನನ್ನ ತಪ್ಪಿಗೆ ಒಂದು ಪ್ಯಾಂಟು ಹೋಯಿತು. ಅವರ ತಪ್ಪಿಗೆ ಪತ್ರಿಕೆಯೇ ಹೋಗಬಹುದಾಗಿತ್ತು.

ಇಷ್ಟೆಲ್ಲ ನಡೆದ ಮೇಲೂ 1913ರ ಏಪ್ರಿಲ್ ತಿಂಗಳಲ್ಲಿ, ಇಪ್ಪತ್ತಾರನೆಯ ವಯಸ್ಸಿನಲ್ಲಿ, ಗುಂಡಪ್ಪನವರು ತಮ್ಮದೇ ಒಂದು ಪತ್ರಿಕೆಯನ್ನು ಹೊರಡಿಸಿದರು. ಅದರ ಹೆಸರು ಕರ್ಣಾಟಕ; ಭಾಷೆ ಇಂಗ್ಲೀಷು. ವಾರಕ್ಕೆ ಎರಡು ಸಲ ಹೊರಬರುತ್ತಿತ್ತು. ಅದಕ್ಕೆ ಕೆಲವು ತಿಂಗಳ ಹಿಂದೆ, 1912ರಲ್ಲಿ, ಶ್ರೀ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದರು. ಸಂಸ್ಥಾನದಲ್ಲಿ ಕೈಗಾರಿಕೆ, ವಿದ್ಯಾಭ್ಯಾಸ, ನೀರಾವರಿ ಎಲ್ಲ ವಿಷಯಗಳಲ್ಲಿಯೂ ಹೊಸ ಯೋಜನೆಗಳು ಏಳುತ್ತಿದ್ದ ಕಾಲ ಅದು. ಆ ಯೋಜನೆಗಳ ಸರಿತಪ್ಪುಗಳನ್ನು ತೂಗಿ ನೋಡುವ ಸ್ವತಂತ್ರವಾದ ಒಂದು ದನಿ ಬೇಕಾಗಿತ್ತು.

ಆ ದನಿ ಇಂಗ್ಲೀಷಿನಲ್ಲಿ ಏಕಿರಬೇಕಾಗಿತ್ತು? ನಾನು ತಿಳಿದುಕೊಂಡ ಮಟ್ಟಿಗೆ ಕಾರಣ ಸರಳವಾದದ್ದು. ಸರ್ಕಾರದ ಕಡತಗಳು ನಡೆಯುತ್ತಿದ್ದುದು ಇಂಗ್ಲೀಷಿನಲ್ಲಿ. ದಿವಾನರು, ದೊಡ್ಡ ಅಧಿಕಾರಿಗಳು, ಬ್ರಿಟಿಷ್ ರೆಸಿಡೆಂಟರು, ಇವರೆಲ್ಲರ ಮೇಜಿನ ಮೇಲೆ ಬಿದ್ದ ಕೂಡಲೆ ಓದಿಸಿಕೊಳ್ಳಬೇಕಾದರೆ ಬರಹ ಅವರ ವ್ಯವಹಾರದ ಭಾಷೆಯಲ್ಲಿರಬೇಕು. ದೇಶೀಯ ಸಂಸ್ಥಾನಗಳ ಪ್ರಜೆಗಳಿಗೆ ಹಕ್ಕುಗಳಿರಬೇಕೆ, ಜವಾಬ್ದಾರಿ ಸರ್ಕಾರ ಬರಬೇಕೆ ಎಂಬ ಪ್ರಶ್ನೆಗಳು ಮದರಾಸು, ದೆಹಲಿಗಳವರೆಗೆ ಮುಟ್ಟಬೇಕಾದರೂ ಅದೇ ದಾರಿ. ಆ ಪತ್ರಿಕೆಯಲ್ಲಿ ಅವರು ಬರೆಯುತ್ತಿದ್ದುದು ಆಡಳಿತ, ತೆರಿಗೆ, ಪ್ರಜಾಪ್ರತಿನಿಧಿ ಸಭೆ, ಸಂಸ್ಥಾನಗಳ ಭವಿಷ್ಯ ಮುಂತಾದ ವಿಷಯಗಳನ್ನು. ಸಂಸ್ಥಾನಗಳ ಪ್ರಶ್ನೆಯನ್ನು ಕುರಿತು ಮುಂದೆ ಇಂಗ್ಲೀಷಿನಲ್ಲಿ ಪುಸ್ತಕವನ್ನೇ ಬರೆದರು. ಮೆಟ್ರಿಕ್ಯುಲೇಷನ್ನಿನ ಹೊಸ್ತಿಲನ್ನು ದಾಟದವರ ಇಂಗ್ಲೀಷನ್ನು ಬಿ. ಎ., ಎಂ. ಎ. ಪದವೀಧರರಾದ ಅಧಿಕಾರಿಗಳು ಗಮನವಿಟ್ಟು ಓದಬೇಕಾಯಿತು. ಬರೆದವರು ಎಷ್ಟು ಓದಿದ್ದಾರೆ ಎಂಬುದಕ್ಕಿಂತ, ಬರೆದದ್ದು ನಿಜವೇ, ನ್ಯಾಯವೇ, ಸ್ಪಷ್ಟವಾಗಿದೆಯೇ ಎಂಬುದೇ ಅಲ್ಲಿ ಮುಖ್ಯವಾಗಿತ್ತು.

ಆ ಪತ್ರಿಕೆ ಸುಮಾರು ಎಂಟು ವರ್ಷ ನಡೆದು ನಿಂತಿತು. ಹಣದ ಬಲವಿಲ್ಲದವರು ಪತ್ರಿಕೆ ನಡೆಸುವುದು ಅಂದಿಗೂ ಸುಲಭವಾಗಿರಲಿಲ್ಲ. ಗುಂಡಪ್ಪನವರಿಗೆ ಹಣ ಸಿಕ್ಕುವ ಸಂದರ್ಭಗಳು ಬಾರದೆ ಇರಲಿಲ್ಲ. ಅವರು ಕೈ ನೀಡಲಿಲ್ಲ, ಅಷ್ಟೆ. ದಸರಾ ಉತ್ಸವದ ವರದಿಗಾಗಿ ಪತ್ರಕರ್ತರಿಗೆ ಸರ್ಕಾರ ಕೊಡುತ್ತಿದ್ದ ಹಣವನ್ನು ಅವರು ಒಪ್ಪಲಿಲ್ಲವೆಂದು ಹೇಳುತ್ತಾರೆ. ಸರ್ಕಾರದ ಕೆಲಸಗಳಿಗಾಗಿ ಬಂದ ಚೆಕ್ಕುಗಳನ್ನು ಬ್ಯಾಂಕಿಗೆ ಕಟ್ಟದೆ ಹಾಗೆಯೇ ಇಟ್ಟಿದ್ದರೆಂದೂ, ಅವು ಬಹುಕಾಲದ ಮೇಲೆ ಪೆಟ್ಟಿಗೆಯಲ್ಲಿ ಕಂಡುವೆಂದೂ ಬಸವನಗುಡಿಯ ಹಿರಿಯರು ಇಂದಿಗೂ ಹೇಳುವುದುಂಟು. ಸಣ್ಣ ಪ್ರಾಯದಲ್ಲಿಯೇ ಪತ್ನಿಯನ್ನು ಕಳೆದುಕೊಂಡು, ಮಕ್ಕಳನ್ನು ಸಾಕಿಕೊಂಡು, ಲೇಖನಿಯೊಂದನ್ನೇ ನೆಚ್ಚಿಕೊಂಡಿದ್ದ ಸಂಸಾರ ಅದು ಎಂಬುದನ್ನು ನೆನೆದರೆ ಈ ನಿಷ್ಠೆಯ ಬೆಲೆ ತಿಳಿಯುತ್ತದೆ. ಇಂಗ್ಲೀಷು ಬಂದವರಿಗೆಲ್ಲ ಸುಖದ ಜೀವನ ಎಂಬ ನಮ್ಮ ಇಂದಿನ ಕಲ್ಪನೆ ಅವರ ಮನೆಯ ಮಟ್ಟಿಗೆ ನಿಜವಾಗಲಿಲ್ಲ.

ಇನ್ನು ಅವರ ಕನ್ನಡದ ವಿಷಯ. ಇಂಗ್ಲೀಷು ಕಲಿಯುವವರಲ್ಲಿ ಒಂದು ಭಯವಿದೆ, ಕಲಿಸುವವರಲ್ಲಿಯೂ ಇದೆ. ಇಂಗ್ಲೀಷು ಒಳಗೆ ಬರಬೇಕಾದರೆ ಕನ್ನಡ ಸ್ವಲ್ಪ ಸರಿದು ಜಾಗ ಬಿಡಬೇಕು ಎಂಬುದೇ ಆ ಭಯ. ಗುಂಡಪ್ಪನವರ ಜೀವನ ಇದಕ್ಕೆ ಒಳ್ಳೆಯ ಉತ್ತರ. ಅವರು ಇಂಗ್ಲೀಷ್ ಪತ್ರಿಕೆಯ ಸಂಪಾದಕರಾಗಿದ್ದ ಕಾಲದಲ್ಲಿಯೇ, 1915ರಲ್ಲಿ, ಕನ್ನಡ ಸಾಹಿತ್ಯ ಪರಿಷತ್ತು ಹುಟ್ಟಿತು; ಅದರ ಬಾಲ್ಯದಿಂದಲೇ ಅವರು ಅದರ ಜೊತೆಗಿದ್ದರು. 1932ರಲ್ಲಿ ಮಡಿಕೇರಿಯಲ್ಲಿ ಸೇರಿದ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. ಮುಂದೆ ಪರಿಷತ್ತಿನ ಉಪಾಧ್ಯಕ್ಷರಾಗಿ ಕೆಲಸ ಮಾಡಿದರು. ಪಾರಸಿಯ ಉಮರ್ ಖಯ್ಯಾಮನು ಫಿಟ್ಸ್‌ಜೆರಾಲ್ಡನ ಇಂಗ್ಲೀಷಿನ ಮೂಲಕ ಅವರಿಗೆ ದೊರೆತನು. ಅವರ ಕೈಯಲ್ಲಿ ಅವನು ಉಮರನ ಒಸಗೆಯಾಗಿ ಕನ್ನಡಿಗನಾದನು. ಷೇಕ್ಸ್‌ಪಿಯರ್ ಮಹಾಕವಿಯ ಮ್ಯಾಕ್‌ಬೆತ್ ನಾಟಕವನ್ನು 1936ರಲ್ಲಿ ಕನ್ನಡಕ್ಕೆ ತಂದರು. ಇಂಗ್ಲೀಷ್ ಗ್ರಂಥಗಳಲ್ಲಿ ಓದಿದ ರಾಜ್ಯನೀತಿಯ ವಿಚಾರಗಳನ್ನು ಸಾಮಾನ್ಯ ಜನರಿಗೆ ತಿಳಿಸುವುದಕ್ಕಾಗಿ ಕನ್ನಡದಲ್ಲಿ ರಾಜ್ಯಶಾಸ್ತ್ರವನ್ನು ಬರೆದರು. ಮಂಕುತಿಮ್ಮನ ಕಗ್ಗ ಹೊರಬಂದದ್ದು 1943ರಲ್ಲಿ. ಅದರ ಪದ್ಯಗಳನ್ನು ಇಂಗ್ಲೀಷಿನ ಗಂಧವೇ ಇಲ್ಲದವರೂ ಬಾಯಿಪಾಠ ಹೇಳುತ್ತಾರೆ.

ಅದೇ ಕಾಲದಲ್ಲಿ ಶ್ರೀ ಬಿ. ಎಂ. ಶ್ರೀಕಂಠಯ್ಯನವರು ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಇಂಗ್ಲೀಷಿನ ಅಧ್ಯಾಪಕರಾಗಿದ್ದರು. ಅವರು ಇಂಗ್ಲೀಷ್ ಕವಿತೆಗಳನ್ನು ಕನ್ನಡಿಸಿ 1926ರಲ್ಲಿ ಇಂಗ್ಲೀಷ್ ಗೀತಗಳು ಎಂಬ ಪುಸ್ತಕವನ್ನು ಕೊಟ್ಟರು. ಹೊಸಗನ್ನಡ ಕಾವ್ಯಕ್ಕೆ ಅದು ದಾರಿಯಾಯಿತು. ಒಬ್ಬರು ವಿಶ್ವವಿದ್ಯಾನಿಲಯದ ದೊಡ್ಡ ಪದವಿಗಳನ್ನು ಪಡೆದು ಇಂಗ್ಲೀಷನ್ನು ಸೇರಿದವರು. ಇನ್ನೊಬ್ಬರು ಅಚ್ಚುಕೂಟದ ಮಸಿಯ ನಡುವೆ ಅದನ್ನು ಕಂಡವರು. ಇಬ್ಬರೂ ತಂದದ್ದು ಒಂದೇ ಮನೆಗೆ.

1945ರಲ್ಲಿ ಗುಂಡಪ್ಪನವರು ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯನ್ನು ಸ್ಥಾಪಿಸಿದರು. ಗೋಪಾಲಕೃಷ್ಣ ಗೋಖಲೆಯವರಲ್ಲಿ ಅವರಿಗಿದ್ದ ಭಕ್ತಿ ಆ ಹೆಸರಿನಲ್ಲಿಯೇ ತೋರುತ್ತದೆ. ಬಸವನಗುಡಿಗೆ ಸೇರಿದ ನರಸಿಂಹರಾಜ ಕಾಲೋನಿಯ ಬಳಿ, ಬುಲ್ ಟೆಂಪಲ್ ರಸ್ತೆಯಲ್ಲಿ, ಆ ಸಂಸ್ಥೆ ಇಂದಿಗೂ ಇದೆ. ಅಲ್ಲಿ ಅವರು ಕಿರಿಯರನ್ನು ಕೂಡಿಸಿಕೊಂಡು ಗ್ರಂಥಗಳನ್ನು ಓದಿ ವಿಚಾರ ಮಾಡುವ ವ್ಯಾಸಂಗ ಗೋಷ್ಠಿಗಳನ್ನು ನಡೆಸಿದರು. ಸಾರ್ವಜನಿಕ ವಿಷಯಗಳ ಚರ್ಚೆಗಾಗಿ ಸಂಸ್ಥೆಯಿಂದ 1949ರಲ್ಲಿ ಪಬ್ಲಿಕ್ ಅಫೇರ್ಸ್ ಎಂಬ ಇಂಗ್ಲೀಷ್ ಮಾಸಪತ್ರಿಕೆ ಹೊರಟಿತು. ಕರ್ಣಾಟಕ ಪತ್ರಿಕೆ ನಿಂತು ಇಪ್ಪತ್ತೈದು ವರ್ಷಗಳಿಗೂ ಮೇಲಾಗಿತ್ತು. ದೇಶಕ್ಕೆ ಸ್ವಾತಂತ್ರ್ಯ ಬಂದಿತ್ತು. ಅರವತ್ತು ದಾಟಿದ ಸಂಪಾದಕರು ಪ್ರೂಫಿನ ಮುಂದೆ ಮತ್ತೆ ಕುಳಿತರು.

ತಮ್ಮನ್ನು ಒಳಗೆ ಬಿಡದ ವಿದ್ಯಾಲೋಕ ಕೊನೆಗೆ ತಾನಾಗಿಯೇ ಬಂದು ಅವರನ್ನು ಕರೆಯಿತು. ಮೈಸೂರು ವಿಶ್ವವಿದ್ಯಾನಿಲಯದ ಸೆನೆಟ್ ಸಭೆಯಲ್ಲಿ ಅವರು ಹಲವು ವರ್ಷ ಸದಸ್ಯರಾಗಿದ್ದರು. ನ್ಯಾಯವಿಧಾಯಕ ಸಭೆಯಲ್ಲಿಯೂ ಇದ್ದರು. ಅದೇ ವಿಶ್ವವಿದ್ಯಾನಿಲಯ 1961ರಲ್ಲಿ ಗೌರವ ಡಿ. ಲಿಟ್. ಪದವಿಯನ್ನು ಕೊಟ್ಟಿತು. ಭಗವದ್ಗೀತೆಯನ್ನು ಕುರಿತ ಅವರ ಕನ್ನಡ ಗ್ರಂಥಕ್ಕೆ 1967ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂತು, 1974ರಲ್ಲಿ ಪದ್ಮಭೂಷಣ. 1970ರಲ್ಲಿ ನಾಗರಿಕರು ಸನ್ಮಾನ ಮಾಡಿ ಅರ್ಪಿಸಿದ ನಿಧಿಯನ್ನು ಅವರು ಗೋಖಲೆ ಸಂಸ್ಥೆಗೇ ಕೊಟ್ಟುಬಿಟ್ಟರು. 1975ನೆಯ ಇಸವಿ ಅಕ್ಟೋಬರ್ 7ರಂದು, ಎಂಬತ್ತೆಂಟನೆಯ ವಯಸ್ಸಿನಲ್ಲಿ, ತೀರಿಕೊಂಡರು. ಗಾಂಧಿ ಬಜಾರಿನ ಪಕ್ಕದಲ್ಲಿ ಹಿಂದೆ ನಾಗಸಂದ್ರ ರಸ್ತೆ ಎನ್ನಿಸಿಕೊಂಡಿದ್ದ ದಾರಿ ಈಗ ಡಿ. ವಿ. ಜಿ. ರಸ್ತೆಯಾಗಿದೆ.

ಇದಿಷ್ಟು ಚರಿತ್ರೆ. ಇದರಿಂದ ನಾನು ಕಲಿತದ್ದನ್ನು ಒಂದೆರಡು ಮಾತಿನಲ್ಲಿ ಹೇಳಿ ಮುಗಿಸುತ್ತೇನೆ.

ಗುಂಡಪ್ಪನವರಂತೆ ಪರೀಕ್ಷೆಯಲ್ಲಿ ಸೋತವರೆಲ್ಲ ದೊಡ್ಡವರಾಗುತ್ತಾರೆಂದು ನಾನು ಹೇಳುತ್ತಿಲ್ಲ; ಹಾಗೆ ಹೇಳಿದರೆ ನಮ್ಮ ಅಧ್ಯಾಪಕರು ನಗುತ್ತಾರೆ. ಅವರ ಸಮಾನವಾಗಿ ಸೋತವರು ಆ ಕಾಲದಲ್ಲಿ ಸಾವಿರಾರು ಮಂದಿ ಇದ್ದಿರಬೇಕು. ಅವರ ಹೆಸರು ನಮಗೆ ತಿಳಿದಿಲ್ಲ. ಅವರ ಇಂಗ್ಲೀಷು ರಾಜ್ಯತಂತ್ರವನ್ನು ಚರ್ಚಿಸುವ ಗಂಭೀರವಾದ ಇಂಗ್ಲೀಷು. ನನಗೆ ಬೇಕಾಗಿರುವುದು ಸೊಂಟ, ತೋಳು, ಅಂಚು, ಗುಂಡಿಗಳ ಇಂಗ್ಲೀಷು. ಆದರೆ ಎರಡಕ್ಕೂ ಮೂಲವಾದ ನಿಯಮ ಒಂದೇ ಎಂದು ನನಗೆ ತೋರುತ್ತದೆ. ಭಾಷೆಯನ್ನು ನಾವು ಅಂಕಕ್ಕಾಗಿ ಕಲಿತರೆ ತಪ್ಪಿನ ನಷ್ಟ ನಮಗೆ ಮಾತ್ರ; ಆದ್ದರಿಂದ ತಪ್ಪನ್ನು ಮುಚ್ಚಿಡುವುದನ್ನೂ ಕಲಿಯುತ್ತೇವೆ. ಇನ್ನೊಬ್ಬರ ಕೆಲಸಕ್ಕಾಗಿ ಕಲಿತರೆ ತಪ್ಪಿನ ನಷ್ಟ ಇನ್ನೊಬ್ಬರಿಗೆ. ಆಗ ತಿಳಿಯದ್ದನ್ನು ಕೇಳಲೇಬೇಕಾಗುತ್ತದೆ. ಆ ದಿನ ಅಂಗಡಿಯಲ್ಲಿ ನನಗೆ ಕೊರತೆಯಾದದ್ದು ಎರಡು ಪದಗಳ ಅರ್ಥ ಮಾತ್ರವಲ್ಲ. ಹಾಗೆಂದರೇನು ಎಂದು ಕೇಳುವ ಧೈರ್ಯ. ಕಾಲೇಜಿನಲ್ಲಿ ಓದುವವನು ಕೇಳಿದರೆ ಅವಮಾನವೆಂದು ಸುಮ್ಮನಾದೆ. ಆ ಅವಮಾನವನ್ನು ಉಳಿಸಿಕೊಂಡದ್ದಕ್ಕೆ ತಂದೆಯವರು ಹಣ ತೆತ್ತರು.

ಈಗ ನಾನು ಒಂದು ನೋಟುಪುಸ್ತಕವನ್ನಿಟ್ಟಿದ್ದೇನೆ. ಗಿರಾಕಿಗಳು ಇಂಗ್ಲೀಷಿನಲ್ಲಿ ಹೇಳಿದ್ದನ್ನು ಅಂದಂದೇ ಅದರಲ್ಲಿ ಬರೆದು, ಎದುರಿಗೆ ಕನ್ನಡವನ್ನು ಬರೆಯುತ್ತೇನೆ. ಬೆಳಗ್ಗೆ ಇಂಗ್ಲೀಷ್ ಪತ್ರಿಕೆಯ ಒಂದು ಸಣ್ಣ ಸುದ್ದಿಯನ್ನು ಕನ್ನಡಕ್ಕೆ ತಿರುಗಿಸಿ, ಸಂಜೆ ಮೂಲವನ್ನು ನೋಡದೆ ಅದನ್ನು ಮತ್ತೆ ಇಂಗ್ಲೀಷಿಗೆ ತಿರುಗಿಸಿ, ಎರಡನ್ನೂ ಹೋಲಿಸಿ ನೋಡುತ್ತೇನೆ. ಇದು ಗುಂಡಪ್ಪನವರ ಕ್ರಮವೆಂದು ನಾನು ಹೇಳುವುದಿಲ್ಲ. ಅವರ ಪತ್ರಿಕೆಯ ಕೆಲಸವನ್ನು ಓದಿ ನಾನೇ ಮಾಡಿಕೊಂಡ ಏರ್ಪಾಡು. ಎಲ್ಲಕ್ಕಿಂತ ಹೆಚ್ಚು ಪ್ರಯೋಜನವಾದದ್ದು ಮೂರನೆಯ ಅಭ್ಯಾಸ. ಗಿರಾಕಿ ಹೇಳಿದ್ದನ್ನು ನಾನು ನನ್ನ ಇಂಗ್ಲೀಷಿನಲ್ಲಿ, ವ್ಯಾಕರಣ ಕುಂಟಿದರೂ ಸರಿ, ಅವರಿಗೇ ತಿರುಗಿ ಹೇಳುತ್ತೇನೆ. ಅವರು ಹೌದೆಂದ ಮೇಲೆಯೇ ಚೀಟಿ ಬರೆಯುವುದು. ಇದುವರೆಗೆ ಯಾರೂ ನಕ್ಕಿಲ್ಲ. ಕೆಲವರು ನನ್ನ ಮಾತನ್ನು ತಿದ್ದಿದ್ದಾರೆ. ತಿದ್ದಿದ ಮಾತುಗಳು ಪುಸ್ತಕದ ಮಾತುಗಳಿಗಿಂತ ಹೆಚ್ಚು ಕಾಲ ನೆನಪಿನಲ್ಲಿ ಉಳಿಯುತ್ತವೆ.

ನನ್ನ ಸಹಪಾಠಿಗಳಲ್ಲಿ ನನ್ನ ಹಾಗೆಯೇ ತಿಳಿಯದೆ ತಲೆಯಾಡಿಸುವವರು ಹಲವರಿದ್ದಾರೆ. ಅವರು ಯಾರೆಂದು ನನಗೆ ಗೊತ್ತು. ಅವರಿಗೂ ನಾನು ಗೊತ್ತು. ಅವರಿಗಾಗಿಯೇ ಈ ಲೇಖನವನ್ನು ಬರೆದೆ. ಒಂದು ಭಾನುವಾರ ನಾವೆಲ್ಲ ಸೇರಿ ಕಹಳೆ ಬಂಡೆಗೆ ಹೋಗಿ ಆ ಹಿರಿಯರ ಪ್ರತಿಮೆಯನ್ನು ನೋಡಿ ಬರೋಣ. ದಾರಿಯುದ್ದಕ್ಕೂ ಇಂಗ್ಲೀಷಿನಲ್ಲಿಯೇ ಮಾತನಾಡೋಣ. ತಪ್ಪಿದಲ್ಲಿ ಒಬ್ಬರನ್ನೊಬ್ಬರು ತಿದ್ದೋಣ. ಹಿಂತಿರುಗುವಾಗ ಕನ್ನಡದಲ್ಲಿ ಕಗ್ಗವನ್ನು ಹೇಳಿಕೊಂಡು ಬರೋಣ. ಮೊನ್ನೆ ನಮ್ಮ ತಂದೆಯವರು ಸೀಮೆಸುಣ್ಣದಲ್ಲಿ ಬಟ್ಟೆಯ ಮೇಲೆ ಗುರುತು ಹಾಕುತ್ತಾ, ಇದು ಲೆಟ್ ಔಟೋ ಟೇಕ್ ಇನ್ನೋ ಎಂದು ನನ್ನನ್ನು ಕೇಳಿದರು. ನಾನು ಗಿರಾಕಿಯನ್ನು ಎರಡು ಸಲ ಕೇಳಿ ಬರೆದುಕೊಂಡಿದ್ದೆ. ಸಡಿಲ ಮಾಡುವುದು ಎಂದೆ. ಅವರು ಕತ್ತರಿಯನ್ನು ಕೆಳಗಿಟ್ಟು ಹೊಲಿಗೆಯನ್ನು ಬಿಚ್ಚತೊಡಗಿದರು.